ಬಲ ಭುಜದ ಗುರುತು

ಫೋಟೊದಲ್ಲಿ ರೋನ್ಸನ್ ನಗುತ್ತಿದ್ದ. ಪೆಟ್ರೊನಿಲ್ಲಾಗೆ ಮೊದಲು ಸಿಟ್ಟು ಬಂದದ್ದು ಆ ನಗುವಿನ ಮೇಲೆ. ಎರಡನೆಯ ಸಿಟ್ಟು ಬಂದದ್ದು ತನ್ನ ಮೇಲೆಯೇ. ಅದು ಮೊದಲಿನದಕ್ಕಿಂತ ಎಷ್ಟೋ ದೊಡ್ಡದಿತ್ತು.

"ಆಂತೋನಿಯವರೇ, ಇದನ್ನು ಸ್ವಲ್ಪ ದೊಡ್ಡದು ಮಾಡಿ," ಎಂದು ಫೋನನ್ನು ಅವನ ಕೈಗೆ ಕೊಟ್ಟಳು.

ಆಂತೋನಿ ಎರಡು ಬೆರಳಿನಿಂದ ಫೋಟೊವನ್ನು ಹಿಗ್ಗಿಸಿದ. ಬಹ್ರೈನಿನ ಗುಫೂಲಿನಲ್ಲಿದ್ದ ಅವನ ಮೂರನೆಯ ಮಹಡಿಯ ಮನೆಯಲ್ಲಿ ಎಸಿ ಸರಿಯಾಗಿಯೇ ಓಡುತ್ತಿತ್ತು. ಆದರೂ ಅವನ ಬೆರಳು ಬೆವರಿ ಪರದೆಯ ಮೇಲೆ ಜಾರುತ್ತಿತ್ತು. ಹದಿನಾರು ದಿನಗಳಿಂದ ಆ ಮನುಷ್ಯ ಸರಿಯಾಗಿ ಊಟ ಮಾಡಿದವನಲ್ಲ.

ಹದಿನಾರು ದಿನಗಳ ಹಿಂದೆ, ಆಸ್ಟ್ರೇಲಿಯಾದ ಉತ್ತರದ ಕರಾವಳಿಯಲ್ಲಿ, ಅವನ ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯವಳಾದ ವಿನಿತಾ ಮತ್ತು ಅಳಿಯ ರೋನ್ಸನ್ ಇದ್ದ ಬಾಡಿಗೆ ಕಾರು ಒಂದು ಬೈಕಿಗೆ ಗುದ್ದಿ ಎಪ್ಪತ್ತು ವರ್ಷದ ಮುದುಕನೊಬ್ಬ ಸತ್ತಿದ್ದ. ತಲೆಗೆ ಪೆಟ್ಟಾದ ವಿನಿತಾಗೆ ಆ ದಿನದ ನೆನಪೇ ಅಳಿಸಿಹೋಗಿತ್ತು. ಕಾರು ಓಡಿಸುತ್ತಿದ್ದದ್ದು ಅವಳೇ ಎಂದು ರೋನ್ಸನ್ ಪೊಲೀಸರಿಗೆ ಹೇಳಿದ. ಗಂಡ ಹೇಳಿದ ಮೇಲೆ ಇರಬಹುದು ಎಂದು ಅವಳೂ ತಲೆಯಾಡಿಸಿದಳು. ಇಬ್ಬರದೂ ಒಂದೇ ಮಾತಾದ ಮೇಲೆ ಕೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ. ಅವಳ ಪಾಸ್‌ಪೋರ್ಟ್ ಅಲ್ಲಿಯೇ ಉಳಿಯಿತು. ರಜೆ ಮುಗಿಯಿತೆಂದು ಅವನು ಬಹ್ರೈನಿಗೆ ಮರಳಿದ.

ಬರುವ ಸೋಮವಾರ ಅವಳು ತಪ್ಪೊಪ್ಪಿಗೆಗೆ ಸಹಿ ಹಾಕಬೇಕು. ಹಾಕಿದರೆ ವರ್ಷಗಟ್ಟಲೆ ಜೈಲು ಎಂದು ಅಲ್ಲಿಯ ವಕೀಲೆ ಮುಚ್ಚುಮರೆ ಇಲ್ಲದೆ ಹೇಳಿದ್ದಳು. ಇವತ್ತು ಶುಕ್ರವಾರ.

ಫೋಟೊ ಅಪಘಾತದ ದಿನದ್ದೇ. ಗುದ್ದುವುದಕ್ಕೆ ಐದು ನಿಮಿಷ ಮೊದಲು ವಿನಿತಾ ಅಪ್ಪನಿಗೆ ಕಳಿಸಿದ್ದು. ಒಂದು ಪೆಟ್ರೋಲ್ ಬಂಕ್, ಆಚೆಗೆ ಆಳೆತ್ತರದ ಕಬ್ಬು, ಅದರಾಚೆ ಹಸಿರು ಗುಡ್ಡ. ರೋನ್ಸನ್ ಸ್ಟಿಯರಿಂಗಿನ ಹಿಂದೆ ಕುಳಿತು ಕಿಟಕಿಯಿಂದ ಮೊಣಕೈ ಹೊರಗಿಟ್ಟಿದ್ದಾನೆ. ವಿನಿತಾ ಹೊರಗೆ ಅವನ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಫೋಟೊ ತೆಗೆದವರ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿದೆ. ಅಗಲವಾದ ಟೊಪ್ಪಿಯ ನೆರಳು.

ಪೆಟ್ರೊನಿಲ್ಲಾ ನೋಡುತ್ತಿದ್ದದ್ದು ನೆರಳನ್ನಲ್ಲ, ಸೀಟ್ ಬೆಲ್ಟನ್ನು. ಬೆಲ್ಟು ಬಾಗಿಲ ಕಂಬದಿಂದ ಇಳಿದು ರೋನ್ಸನ್‌ನ ಬಲ ಭುಜದ ಮೇಲೆ ಹಾದು ಎಡ ಸೊಂಟಕ್ಕೆ ಹೋಗಿತ್ತು.

ಬಲ ಭುಜ.

"ದೇವರೇ, ನಾನು ಎಂಥ ಕೆಲಸ ಮಾಡಿದೆ," ಎಂದಳು ಮೆಲ್ಲಗೆ.

ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನರ್ಸಾಗಿ ದುಡಿದು, ಹೋದ ವರ್ಷ ನಿವೃತ್ತಳಾದವಳು ಅವಳು. ಅಪಘಾತದ ಕೇಸುಗಳನ್ನು ನೋಡಿ ನೋಡಿ ಕಣ್ಣು ಪಳಗಿತ್ತು. ಎಡ ಭುಜದಲ್ಲಿ ಬೆಲ್ಟಿನ ಬರೆ ಇದ್ದರೆ ಡ್ರೈವರ್, ಬಲ ಭುಜದಲ್ಲಿದ್ದರೆ ಪಕ್ಕದವನು. ಪೊಲೀಸರು ಕೇಳುವ ಮೊದಲೇ ಹೇಳಿಬಿಡುತ್ತಿದ್ದಳು, ಒಮ್ಮೆಯೂ ತಪ್ಪಿದ್ದಿಲ್ಲ. ಹತ್ತು ದಿನಗಳ ಹಿಂದೆ ರೋನ್ಸನ್ ಇದೇ ಸೋಫಾದಲ್ಲಿ ಕುಳಿತು ನೋವೆಂದು ಅಂಗಿ ಸರಿಸಿದಾಗಲೂ ಅದೇ ಕಣ್ಣಿನಿಂದ ನೋಡಿದ್ದಳು. ಬಲ ಭುಜ, ಇವನು ಪಕ್ಕದಲ್ಲಿ ಕೂತವನೇ, ಪಾಪ, ಎಂದಿದ್ದಳು.

ಅದು ಬಹ್ರೈನಿನ ಲೆಕ್ಕ. ಆಸ್ಟ್ರೇಲಿಯಾದಲ್ಲಿ ನಮ್ಮ ಊರಿನ ಹಾಗೆ ಡ್ರೈವರ್ ಬಲಗಡೆ ಕೂರುತ್ತಾನೆ. ಅಲ್ಲಿ ಬಲ ಭುಜದ ಬರೆ ಡ್ರೈವರನ ಬರೆ.

ಆಂತೋನಿ ಆ ಮಾತನ್ನು ನಂಬಿಯೇ ಮಗಳಿಗೆ ಫೋನ್ ಮಾಡಿದ್ದ. ಪೆಟ್ರೊನಿಲ್ಲಾ ಸಿಸ್ಟರೇ ನೋಡಿ ಹೇಳಿದ ಮೇಲೆ ಇನ್ನು ಸಂಶಯವಿಲ್ಲ, ತಪ್ಪು ಒಪ್ಪಿಕೋ ಮಗಾ ಎಂದಿದ್ದ. ಪೆಟ್ರೊನಿಲ್ಲಾ ಈಗ ಆ ತಂದೆಗೆ ತನ್ನ ತಪ್ಪನ್ನು ಬಿಡಿಸಿ ಹೇಳಿದಳು. ಆಂತೋನಿ ಬೈಯಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವಳಿಗೆ.

ಅವಳು ಎದ್ದಳು. ರೋನ್ಸನ್ ಮಧ್ಯಾಹ್ನದ ಡ್ಯೂಟಿಗೆ ಹೊರಡುವ ಮೊದಲು ಅವನನ್ನು ಹಿಡಿಯಬೇಕಿತ್ತು.

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಗರ್ಟ್ರೂಡ್ ಕಾಣಿಸಿಕೊಂಡಳು. ಆಂತೋನಿಯ ಹೆಂಡತಿ, ವಿನಿತಾಳ ತಾಯಿ, ಪೆಟ್ರೊನಿಲ್ಲಾಳಿಗೆ ಮೂವತ್ತು ವರ್ಷದ ಗೆಳತಿ. ಬೆಳಿಗ್ಗೆ ಚರ್ಚಿನ ಪೂಜೆಗೆ ಉಟ್ಟ ಸೀರೆಯಲ್ಲೇ ಇದ್ದಳು. ಆ ಫೋಟೊಗಳನ್ನು ಇನ್ನು ಎಷ್ಟು ಸಲ ನೋಡುವುದು, ಅಳಿಸಿಬಿಡಿ ಅಂದರೆ ಈ ಗಂಡಸು ಕೇಳುವುದಿಲ್ಲ ಎಂದು ಗೊಣಗಿದಳು. ಪೆಟ್ರೊನಿಲ್ಲಾ ಹೊರಟದ್ದು ಎಲ್ಲಿಗೆಂದು ತಿಳಿದ ಕೂಡಲೇ ಚಪ್ಪಲಿ ಮೆಟ್ಟಿದಳು.

"ನಾನೂ ಬರ್ತೇನೆ, ಪೆಟ್ರು."

"ನೀನು ಬೇಡ. ಅಲ್ಲಿ ಮಾತು ಚಂದ ಇರುವುದಿಲ್ಲ."

"ನನ್ನ ಮಗಳ ವಿಷಯ. ಬರ್ತೇನೆ," ಎಂದಳು ಗರ್ಟ್ರೂಡ್. ಅವಳಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಹದಿನಾರು ದಿನಗಳಲ್ಲಿ ಯಾರೂ ಕೇಳಿರಲಿಲ್ಲ.

ಕೆಳಗೆ ಜಯದೇವ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಾರ್ಕೂರಿನವನು, ಇಲ್ಲಿ ಬಾಡಿಗೆ ಕಾರು ಓಡಿಸುವವನು. ಪೆಟ್ರೊನಿಲ್ಲಾ ಎಲ್ಲಿಗೆ ಹೋಗಬೇಕಿದ್ದರೂ ಕರೆಯುವುದು ಅವನನ್ನೇ. ಪೆಟ್ರೊನಿಲ್ಲಾ ಮುಂದೆ ಅವನ ಬಲಕ್ಕೆ ಕುಳಿತಳು, ಗರ್ಟ್ರೂಡ್ ಅವಳ ಬೆನ್ನ ಹಿಂದೆ. ಜಯದೇವ ಕನ್ನಡಿಯಲ್ಲಿ ನೋಡಿ ಕಾರು ತೆಗೆಯಲೇ ಇಲ್ಲ.

"ಹಿಂದಿನವರೂ ಬೆಲ್ಟ್ ಹಾಕ್ಬೇಕು ಬಾಯಮ್ಮ. ನನ್ನ ಗಾಡಿಯಲ್ಲಿ ಬಿಷಪ್ ಬಂದ್ರೂ ಅದೇ ಕಾನೂನು."

ಗರ್ಟ್ರೂಡ್ ಬೆಲ್ಟ್ ಎಳೆದುಕೊಂಡಳು. ಒಂದು ಕೈಯಲ್ಲಿ ಜಪಮಾಲೆ ಇತ್ತು. ಅದನ್ನು ಎಣಿಸುತ್ತಿರಲಿಲ್ಲ, ಹಿಂಡುತ್ತಿದ್ದಳು.

ಊರಿಗೆ ಹೋದಾಗ ನೀನು ಗಾಡಿ ಓಡಿಸುತ್ತೀಯಾ ಎಂದು ಪೆಟ್ರೊನಿಲ್ಲಾ ಜಯದೇವನನ್ನು ಕೇಳಿದಳು. ಅವನು ನಕ್ಕ. ಮೊದಲ ಎರಡು ದಿನ ಹೆಂಡತಿ ಕೀಲಿಕೈಯನ್ನೇ ಕೊಡುವುದಿಲ್ಲವಂತೆ. ಒಮ್ಮೆ ಗಡಿಬಿಡಿಯಲ್ಲಿ ಎಡಗಡೆಯ ಬಾಗಿಲು ತೆಗೆದು ಕುಳಿತು, ಇಲ್ಲಿದ್ದ ಸ್ಟಿಯರಿಂಗ್ ಯಾರು ಕೊಂಡುಹೋದರು ಎಂದು ಒಂದು ಗಳಿಗೆ ಗಾಬರಿಯಾಗಿದ್ದನಂತೆ.

"ಎದುರಿಂದ ಗಾಡಿ ಬರ್ತಾ ಇದ್ರೆ ತೊಂದರೆ ಇಲ್ಲ ಬಾಯಮ್ಮ, ನೋಡಿ ನೆನಪಾಗ್ತದೆ. ಡೇಂಜರ್ ಎಲ್ಲಿ ಗೊತ್ತುಂಟಾ? ಪೆಟ್ರೋಲ್ ಹಾಕಿ ಬಂಕಿನಿಂದ ಖಾಲಿ ರಸ್ತೆಗೆ ತಿರುಗಿಸುವಾಗ. ಆಗ ತಲೆಯನ್ನು ಕೇಳುವುದಿಲ್ಲ, ಕೈ ತನ್ನಷ್ಟಕ್ಕೆ ಬಹ್ರೈನಿನ ಬದಿಗೆ ಹೋಗ್ತದೆ."

ಪೆಟ್ರೊನಿಲ್ಲಾ ಕಿಟಕಿಯಿಂದ ಹೊರಗೆ ನೋಡಿದಳು. ಪೊಲೀಸರ ವರದಿಯಂತೆ ಬೈಕಿನ ಮುದುಕ ತನ್ನ ಎಡಬದಿಯಲ್ಲೇ ಬರುತ್ತಿದ್ದ. ಇವರ ಕಾರು ಬಲಬದಿಯಲ್ಲಿತ್ತು. ವಿನಿತಾ ಡ್ರೈವಿಂಗ್ ಕಲಿತದ್ದು ಮಂಗಳೂರಿನಲ್ಲಿ. ಬಹ್ರೈನಿನಲ್ಲಿ ಆಫೀಸಿನ ಬಸ್ಸು ಹತ್ತಿದ್ದು ಬಿಟ್ಟರೆ ಒಂದು ದಿನವೂ ಸ್ಟಿಯರಿಂಗ್ ಮುಟ್ಟಿದವಳಲ್ಲ. ಅವಳ ಕೈ ತನ್ನಷ್ಟಕ್ಕೆ ಹೋದರೆ ಹೋಗುವುದು ಎಡಕ್ಕೆ. ಬಲಕ್ಕೆ ಹೋದ ಕೈ ಹನ್ನೆರಡು ವರ್ಷ ಈ ರಸ್ತೆಗಳಲ್ಲಿ ಓಡಿಸಿದ ರೋನ್ಸನ್‌ನ ಕೈ.

ರೋನ್ಸನ್ ಮನೆಯಿದ್ದ ಜುಫೈರ್ ಬರುವ ತನಕ ಗರ್ಟ್ರೂಡ್ ಜಪಮಾಲೆಯನ್ನು ಹಿಂಡುತ್ತಲೇ ಇದ್ದಳು.

ರೋನ್ಸನ್ ಬಾಗಿಲು ತೆರೆದಾಗ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿದ್ದ. ದೊಡ್ಡ ಹೋಟೆಲೊಂದರ ಫ್ರಂಟ್ ಆಫೀಸ್ ಮ್ಯಾನೇಜರ್. ಎಂಥ ಸಿಟ್ಟಿನ ಗಿರಾಕಿಯನ್ನೂ ತಣ್ಣಗೆ ಮಾಡುವ ಮಾತು ಅವನದು. ಅತ್ತೆಯನ್ನು ಕಂಡು ಅವನ ಮುಖದಲ್ಲಿ ಏನೋ ಸರಿದುಹೋಯಿತು. ಮರುಗಳಿಗೆ ನಗು ಬಂತು.

"ಬನ್ನಿ ಆಂಟಿ. ಕೂತ್ಕೊಳ್ಳಿ, ಟೀ ಮಾಡ್ತೇನೆ."

"ಟೀ ಬೇಡ. ಅಂಗಿಯ ಮೇಲಿನ ಎರಡು ಬಟನ್ ಬಿಚ್ಚು."

"ಎಂತ ಆಂಟಿ?"

"ಕಿವಿ ಸರಿ ಉಂಟಲ್ಲ. ಬಿಚ್ಚು."

ಅವನು ಬಿಚ್ಚಿದ. ಬಲ ಭುಜದಿಂದ ಎದೆಯ ನಡುವಿನ ತನಕ ಚರ್ಮ ಉಜ್ಜಿದ ಕಂದು ಪಟ್ಟಿ. ಸುತ್ತಲಿನ ನೀಲಿ ಹಳದಿಯಾಗಿ ಮಾಸುತ್ತಿತ್ತು. ಪೆಟ್ರೊನಿಲ್ಲಾ ಅದನ್ನು ಬೆರಳಿನಿಂದ ಮುಟ್ಟಲೂ ಇಲ್ಲ. ಮೇಜಿನ ಮೇಲೆ ಆಂತೋನಿಯ ಫೋನನ್ನು ಇಟ್ಟು ಫೋಟೊ ತೋರಿಸಿದಳು. ಈ ಫೋಟೊ ತೆಗೆದದ್ದು ಯಾರು ಎಂದು ಮೊದಲು ಕೇಳಿದಳು.

ಬಂಕಿನವನು ಎಂದ ರೋನ್ಸನ್. ಪೆಟ್ರೋಲ್ ತುಂಬಿಸಿದವನೇ, ತಾವಾಗಿ ಕೇಳಿದ್ದಕ್ಕೆ ತೆಗೆದುಕೊಟ್ಟ, ಒಳ್ಳೆಯ ಮನುಷ್ಯ. ಅಲ್ಲಿಯ ತನಕ ಓಡಿಸಿದ್ದು ತಾನೇ. ಬಂಕಿನಿಂದ ಹೊರಡುವಾಗ ವಿನಿತಾ ನಾನು ಓಡಿಸುತ್ತೇನೆ ಎಂದು ಹಟ ಹಿಡಿದಳು. ಹತ್ತು ವರ್ಷದ ಮದುವೆಯ ನೆನಪಿಗೆಂದು ಹೋದ ಪ್ರವಾಸ, ಬೇಡ ಎನ್ನಲು ಮನಸ್ಸು ಬರಲಿಲ್ಲ. ಸೀಟು ಬದಲಾಯಿಸಿಕೊಂಡರು. ಎಲ್ಲವನ್ನೂ ಅವನು ಪೊಲೀಸರಿಗೆ ಹೇಳಿದ ಕ್ರಮದಲ್ಲೇ ಹೇಳಿದ. ಒಂದು ಶಬ್ದವೂ ಆಚೀಚೆ ಆಗಲಿಲ್ಲ. ನಿಜ ಹೇಳುವವರು ಎಲ್ಲೋ ಒಂದು ಕಡೆ ಎಡವುತ್ತಾರೆ ಎಂಬುದು ಪೆಟ್ರೊನಿಲ್ಲಾಳಿಗೆ ವಾರ್ಡಿನಲ್ಲಿ ಕಲಿತ ಪಾಠ.

"ಸೀಟು ಬದಲಾಯಿಸಿದ ಮೇಲೆ ನೀನು ಎಡಗಡೆ ಕೂತದ್ದು."

"ಹೌದು ಆಂಟಿ."

"ಹಾಗಾದ್ರೆ ಬೆಲ್ಟ್ ನಿನ್ನ ಎಡ ಭುಜದ ಮೇಲೆ ಬರ್ಬೇಕಿತ್ತು. ಬಲ ಭುಜಕ್ಕೆ ಬರೆ ಹೇಗೆ ಬಂತು?"

ರೋನ್ಸನ್ ಬಟನ್ ಹಾಕಿಕೊಳ್ಳತೊಡಗಿದ. ಎರಡನೆಯ ಬಟನ್ ಸಿಕ್ಕಲಿಲ್ಲ.

"ಅವತ್ತು ನೀವೇ ನೋಡಿ ಹೇಳಿದ್ದಲ್ವಾ ಆಂಟಿ, ನಾನು ಪಕ್ಕದಲ್ಲಿ ಕೂತವ ಅಂತ. ಎಲ್ಲರ ಎದುರು ಹೇಳಿದ್ದು."

"ಹೇಳಿದೆ. ಇಪ್ಪತ್ತೆಂಟು ವರ್ಷ ಈ ದೇಶದ ಗಾಡಿಗಳಿಂದ ಇಳಿಸಿದ ಭುಜ ನೋಡಿದವಳು, ಅದಕ್ಕೇ ಹೇಳಿದೆ. ನೀನು ನನ್ನ ತಪ್ಪನ್ನು ಅವತ್ತೇ ಕಂಡವ. ಕಂಡು ಸುಮ್ಮನೆ ಕೂತೆ. ನನ್ನ ಬಾಯಿಂದ ಬಂದದ್ದನ್ನು ಆ ಹುಡುಗಿಯ ಕುತ್ತಿಗೆಗೆ ಕಟ್ಟಿದೆ."

ಅವಳ ಧ್ವನಿ ಏರಿರಲಿಲ್ಲ. ಸಿಟ್ಟು ಹೆಚ್ಚಿದಷ್ಟೂ ಅವಳ ಧ್ವನಿ ಇಳಿಯುತ್ತದೆ. ವಾರ್ಡಿನಲ್ಲಿ ಡಾಕ್ಟರುಗಳೂ ಅದನ್ನು ಕೇಳಿದರೆ ಆಚೆ ಸರಿಯುತ್ತಿದ್ದರು. ಮಂಗಳೂರಿನಲ್ಲಿ ಕಲಿತ ಕೈ ಎಡಕ್ಕೆ ಹೋಗುತ್ತದೆಯೇ ಹೊರತು ಬಲಕ್ಕೆ ಹೋಗುವುದಿಲ್ಲ ಎಂಬುದನ್ನೂ ಅದೇ ಧ್ವನಿಯಲ್ಲಿ ಹೇಳಿದಳು. ರೋನ್ಸನ್ ಕಿಟಕಿಯ ಕಡೆ ತಿರುಗಿ ನಿಂತ. ಪೆಟ್ಟಾದ ಮೇಲೆ ಕಾರು ಪಲ್ಟಿಯಾಯಿತು, ಯಾವ ಭುಜಕ್ಕೆ ಎಲ್ಲಿ ತಾಗಿತೆಂದು ಯಾರಿಗೆ ಗೊತ್ತು ಎಂದ. ವಿನಿತಾಳ ಮೈಮೇಲಿನ ಗಾಯವನ್ನು ನೀವು ನೋಡಿದ್ದೀರಾ ಎಂದೂ ಕೇಳಿದ.

ಅದು ಪೆಟ್ರೊನಿಲ್ಲಾ ಕಾಯುತ್ತಿದ್ದ ಮಾತು. ವಿನಿತಾ ಎಡಗಡೆ ಕುಳಿತವಳಾದರೆ ಬರೆ ಎಡ ಭುಜದ ಮೇಲಿರುತ್ತದೆ. ಅದೊಂದು ಕಂಡರೆ ಸೋಮವಾರದ ಸಹಿ ನಿಲ್ಲುತ್ತದೆ.

ಆಂತೋನಿಯ ಫೋನಿನಿಂದಲೇ ವಿನಿತಾಗೆ ವಿಡಿಯೊ ಕರೆ ಮಾಡಿದಳು. ಇಲ್ಲಿ ಹನ್ನೊಂದು ದಾಟಿತ್ತು, ಅಲ್ಲಿ ಸಂಜೆ ಆರು. ಅಲ್ಲಿಯ ಚರ್ಚಿನ ಒಬ್ಬ ಅಜ್ಜಿ ವಿನಿತಾಳನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಳು. ಪರದೆಯಲ್ಲಿ ಜಗಲಿ ಕಾಣಿಸಿತು, ಹಿಂದೆ ಒಂದು ಮಾವಿನ ಮರ. ಎಡಗೈಗೆ ಪ್ಲಾಸ್ಟರ್ ಹಾಕಿದ ವಿನಿತಾ ಬಿದಿರಿನ ಕುರ್ಚಿಯಲ್ಲಿದ್ದಳು. ಪ್ರವಾಸದ ಮೊದಲ ದಿನ ಇದೇ ಹುಡುಗಿ ಅಮ್ಮನಿಗೆ ಉತ್ಸಾಹದಿಂದ ಬರೆದಿದ್ದಳು. ಇಲ್ಲಿ ನಮ್ಮ ಊರಿನ ಹಾಗೆಯೇ ತೆಂಗು, ಮಾವು, ಹಲಸು ಎಲ್ಲ ಉಂಟು, ಕಡಲಿಗೆ ಇಳಿಯಲಿಕ್ಕೆ ಮಾತ್ರ ಭಯ, ದಡದಲ್ಲೆಲ್ಲ ಮೊಸಳೆಯ ಬೋರ್ಡು ಎಂದು. ಈಗ ಕೆನ್ನೆ ಒಳಗೆ ಹೋಗಿತ್ತು.

ಪೆಟ್ರೊನಿಲ್ಲಾ ಸುತ್ತಿ ಬಳಸಲಿಲ್ಲ.

"ಮಗಾ, ಬೆಲ್ಟಿನ ಗಾಯ ಉಂಟಲ್ಲ, ಅದು ಯಾವ ಬದಿಗೆ? ಸ್ವಲ್ಪ ತೋರಿಸು."

ವಿನಿತಾ ಒಳ್ಳೆಯ ಕೈಯಿಂದ ಕುಪ್ಪಸದ ಕೊರಳು ಸರಿಸಿದಳು. ಕಂದು ಪಟ್ಟಿ ಕಂಡಿತು. ಪ್ಲಾಸ್ಟರ್ ಇದ್ದ ಬದಿಗಲ್ಲ, ಇನ್ನೊಂದು ಬದಿಗೆ.

"ಬಲಗಡೆ, ಆಂಟಿ. ಈಗಲೂ ರಾತ್ರಿ ಆ ಮಗ್ಗುಲಿಗೆ ಮಲಗ್ಲಿಕ್ಕೆ ಆಗುವುದಿಲ್ಲ."

ಪೆಟ್ರೊನಿಲ್ಲಾ ಪರದೆಯನ್ನು ಹತ್ತಿರ ತಂದು ಇನ್ನೊಮ್ಮೆ ನೋಡಿದಳು. ಬಲಗಡೆ ಎಂದರೆ ಸ್ಟಿಯರಿಂಗ್. ತಾನೇ ಉರುಳಿನ ಹಗ್ಗ ಹೊಸೆದು ಹುಡುಗಿಯ ಕೈಗೆ ಕೊಟ್ಟ ಹಾಗಾಯಿತು.

ರೋನ್ಸನ್ ಕಿಟಕಿಯಿಂದ ತಿರುಗಿದ. ಅವನ ಮುಖದ ಮೇಲೆ ಫೋಟೊದ ನಗು ಮತ್ತೆ ಬಂದಿತ್ತು. "ನೋಡಿದ್ರಲ್ಲ ಆಂಟಿ. ಇನ್ನೇನಾದ್ರೂ ಉಂಟಾ? ನನಗೆ ಡ್ಯೂಟಿಗೆ ಹೊತ್ತಾಯ್ತು."

"ಮುಗೀತಲ್ಲ ಪೆಟ್ರು," ಎಂದಳು ಗರ್ಟ್ರೂಡ್. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು. "ನಡಿ, ಹೋಗುವ." ಎದ್ದು ನಿಂತು ಸೆರಗಿನ ಮೇಲೆ ಕೈಯಾಡಿಸಿದಳು, ಬಲ ಭುಜದ ಹತ್ತಿರ. ಕಾರಿನ ಬೆಲ್ಟು ಇಸ್ತ್ರಿಯನ್ನು ಕೆಡಿಸಿ ಅಲ್ಲೊಂದು ಅಡ್ಡ ಸುಕ್ಕು ಮೂಡಿಸಿತ್ತು.

ಪೆಟ್ರೊನಿಲ್ಲಾ ಆ ಸುಕ್ಕನ್ನು ನೋಡಿದಳು. ತನ್ನ ಸೀರೆಯನ್ನು ನೋಡಿಕೊಂಡಳು. ಅದೇ ಭುಜ, ಅದೇ ಸುಕ್ಕು.

"ಕೂತ್ಕೋ ಗರ್ಟ್ರೂಡ್. ಜಯದೇವನ ಗಾಡಿಯಲ್ಲಿ ನಾವಿಬ್ರು ಹೇಗೆ ಕೂತು ಬಂದದ್ದು?"

ಗರ್ಟ್ರೂಡ್ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

"ನಾನು ಮುಂದೆ, ನೀನು ನನ್ನ ಬೆನ್ನ ಹಿಂದೆ. ಇಬ್ರಿಗೂ ಬೆಲ್ಟ್ ಬಲ ಭುಜದ ಮೇಲೆ." ಅವಳು ರೋನ್ಸನ್ ಕಡೆ ತಿರುಗಿದಳು. ಧ್ವನಿ ಇನ್ನೂ ಇಳಿದಿತ್ತು. "ಒಂದು ಸ್ಟಿಯರಿಂಗಿನ ಹಿಂದೆ ಇಬ್ರು ಕೂರ್ಲಿಕ್ಕೆ ಆಗುವುದಿಲ್ಲ ರೋನ್ಸನ್. ನಿನ್ನ ಬರೆಯೂ ಬಲಕ್ಕೆ, ಅವಳ ಬರೆಯೂ ಬಲಕ್ಕೆ. ಒಬ್ರು ಸ್ಟಿಯರಿಂಗಿನಲ್ಲಿ, ಇನ್ನೊಬ್ರು ಅದರ ಹಿಂದಿನ ಸೀಟಿನಲ್ಲಿ. ಎಡಗಡೆ ಕೂತೆ ಅಂತ ಪೊಲೀಸರಿಗೆ ಹೇಳಿದ್ದು ಹಸಿ ಸುಳ್ಳು. ಗಂಡ ಹೆಂಡ್ತಿ ಹತ್ತು ವರ್ಷದ ಮದುವೆಯ ಖುಷಿಗೆ ಹೋದವರು, ಪಕ್ಕದ ಸೀಟು ಖಾಲಿ ಬಿಟ್ಟು ಬಸ್ಸಿನವರ ಹಾಗೆ ಹಿಂದೆ ಮುಂದೆ ಕೂತದ್ದಾ? ಪಕ್ಕದಲ್ಲಿ ಯಾರಿದ್ರು?"

ನಗು ಇಳಿಯಿತು. ರೋನ್ಸನ್ ಪೆಟ್ರೊನಿಲ್ಲಾಳನ್ನು ನೋಡಲಿಲ್ಲ. ಅವನು ನೋಡಿದ್ದು ಅತ್ತೆಯನ್ನು.

ಯಾರೂ ಇರಲಿಲ್ಲ ಎಂದ ಕೊನೆಗೆ. ದನಿ ಒಣಗಿತ್ತು. ಬೇಕಿದ್ದರೆ ಆ ಬಂಕಿನವನನ್ನು ಕೇಳಲಿ, ಪೆಟ್ರೋಲ್ ತುಂಬಿಸುವಾಗ ಕಾರಿನಲ್ಲಿ ಇದ್ದದ್ದು ಇಬ್ಬರೇ ಎಂದು ಅವನೇ ಹೇಳುತ್ತಾನೆ.

"ಯಾವ ಬಂಕಿನವ?"

ಕೇಳಿದ್ದು ಪರದೆಯಿಂದ ವಿನಿತಾ. ಅವಳು ಅಲ್ಲಿಯೇ ಇದ್ದಾಳೆ, ಎಲ್ಲವನ್ನೂ ಕೇಳುತ್ತಿದ್ದಾಳೆ ಎಂಬುದನ್ನು ಮೂವರೂ ಮರೆತಿದ್ದರು.

"ನಾವು ಹೋದ ಯಾವ ಬಂಕಿನಲ್ಲೂ ತುಂಬಿಸ್ಲಿಕ್ಕೆ ಜನ ಇರಲಿಲ್ಲ ಆಂಟಿ. ಬಹ್ರೈನಿನ ಹಾಗಲ್ಲ ಇಲ್ಲಿ. ನಾವೇ ಇಳಿದು ಪೈಪ್ ಹಿಡೀಬೇಕು, ಒಳಗೆ ಹೋಗಿ ಕಾರ್ಡ್ ಕೊಡ್ಬೇಕು. ರೋನ್ಸನ್‌ಗೆ ಬಿಳಿ ಪ್ಯಾಂಟಿಗೆ ವಾಸನೆ ಆಗ್ತದೆ ಅಂತ, ಎಲ್ಲ ದಿನವೂ ಹಿಡಿದದ್ದು ನಾನೇ."

ರೋನ್ಸನ್ ಬಾಗಿಲ ಕಡೆ ನೋಡಿದ. ಬಹ್ರೈನಿನ ರೂಢಿ ಪೆಟ್ರೊನಿಲ್ಲಾಳ ಕಣ್ಣನ್ನು ಕಟ್ಟಿದಂತೆಯೇ ಅವನ ನಾಲಿಗೆಯನ್ನೂ ಎಡವಿಸಿತ್ತು. ಸುಳ್ಳು ಕಟ್ಟುವಾಗ ಇಲ್ಲಿಯ ಬಂಕನ್ನೇ ಅಲ್ಲಿಗೆ ಕೊಂಡುಹೋಗಿ ನಿಲ್ಲಿಸಿದ್ದ.

ಪೆಟ್ರೊನಿಲ್ಲಾ ಫೋನನ್ನು ಕೈಗೆತ್ತಿಕೊಂಡು ಮೆತ್ತಗೆ ಮಾತಾಡಿದಳು. ಅಪ್ಪನಿಗೆ ಕಳಿಸಿದ ಕೊನೆಯ ಫೋಟೊ ನಿನ್ನ ಫೋನಿನಲ್ಲೂ ಇರುತ್ತದೆ, ತೆಗೆದು ನೋಡು ಎಂದಳು. ಅವಸರ ಬೇಡ. ನೆನಪಾಗದಿದ್ದರೂ ತೊಂದರೆ ಇಲ್ಲ. ನೆಲದ ಮೇಲೆ ಒಂದು ನೆರಳು ಉಂಟು, ಅದನ್ನು ನೋಡು.

ವಿನಿತಾ ಕಣ್ಣು ಕಿರಿದು ಮಾಡಿ ಪರದೆಯನ್ನೇ ನೋಡಿದಳು. ತುಂಬ ಹೊತ್ತು.

"ಟೊಪ್ಪಿ," ಎಂದಳು. "ಆಂಟಿ, ಇದು ನನ್ನ ಟೊಪ್ಪಿ. ಮೊದಲ ದಿನ ತಗೊಂಡದ್ದು. ಬಿಸಿಲಿಗೆ ತಲೆನೋವು ಅಂತ ಅವಳು ಹೇಳಿದ್ದಕ್ಕೆ ನಾನೇ ತೆಗೆದು ಕೊಟ್ಟದ್ದು. ಮುಂದೆ ಕೂತ್ಕೋ, ಗಾಳಿ ಬರ್ತದೆ ಅಂತ ನಾನೇ ಹಿಂದೆ ಹೋದದ್ದು. ಅಮ್ಮಾ, ಅಲ್ಲಿದ್ದೀಯಾ? ಅಮ್ಮಾ, ಅದು ನಮ್ಮ..."

ಗರ್ಟ್ರೂಡಳ ಕೈ ಪೆಟ್ರೊನಿಲ್ಲಾಳ ಮುಷ್ಟಿಯಿಂದ ಫೋನನ್ನು ಕಿತ್ತುಕೊಂಡಿತು. ಕರೆ ಕಡಿಯಿತು.

ಜಪಮಾಲೆ ನೆಲಕ್ಕೆ ಬಿದ್ದಿತ್ತು. ಗರ್ಟ್ರೂಡ್ ಅದನ್ನು ಎತ್ತಿಕೊಳ್ಳಲಿಲ್ಲ. ಫೋನನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ಅಳಿಯನ ಪಕ್ಕಕ್ಕೆ ಹೋಗಿ ನಿಂತಳು. ಹದಿನಾರು ದಿನ ಅತ್ತ ಆ ಕಣ್ಣುಗಳಲ್ಲಿ ಈಗ ಒಂದು ಹನಿ ನೀರೂ ಇರಲಿಲ್ಲ.

"ಸೋಮವಾರ ಅವಳು ಸಹಿ ಹಾಕ್ತಾಳೆ, ಪೆಟ್ರು," ಎಂದಳು. "ನಾನು ಹಾಕಿಸ್ತೇನೆ. ಚಿಕ್ಕವಳು ಆ ಕಾರಿನಲ್ಲಿ ಇದ್ದದ್ದು ಯಾರಿಗೂ ಗೊತ್ತಾಗ್ಬಾರದು. ನೀನು ಇನ್ನು ನಮ್ಮ ಮನೆಗೆ ಬರ್ಬೇಡ."